ನಾಣ್ಯಕ್ಕೆ ಅಸಿಟೋನ್ ಸ್ನಾನ: ಯಾವ ಲೋಹಕ್ಕೆ, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು

"ಬೆಳ್ಳಿ ನಾಣ್ಯ ಕಪ್ಪಾಗಿದೆ, ಏನು ಹಾಕಿ ತೊಳೆಯಲಿ?" "ಪ್ಲಾಸ್ಟಿಕ್ ಆಲ್ಬಮ್‌ನಲ್ಲಿದ್ದ ನಾಣ್ಯಗಳೆಲ್ಲ ಹಸಿರು ಜಿಡ್ಡಾಗಿವೆ, ಏನು ಮಾಡಲಿ?" ನಾಣ್ಯ ಸಂಗ್ರಹಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಲು ಒಂದೇ ಥರ ಅನ್ನಿಸಿದರೂ ಉತ್ತರ ಬೇರೆ ಬೇರೆ. ಮೊದಲನೆಯದಕ್ಕೆ: ಏನೂ ಹಾಕಬೇಡಿ, ಹಾಗೇ ಬಿಡಿ. ಎರಡನೆಯದಕ್ಕೆ: ಬೇಗ ಅಸಿಟೋನ್ ತನ್ನಿ, ತಡ ಮಾಡಿದಷ್ಟೂ ನಾಣ್ಯ ಸವೆಯುತ್ತದೆ.

ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಬಂದು ಕೂತ ಕೊಳೆಯಲ್ಲ. ಬೆಳ್ಳಿಯೇ ಗಂಧಕದ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗಿದೆ. ಅದನ್ನು ಕಿತ್ತರೆ ನಾಣ್ಯದ ಮೇಲ್ಪದರವನ್ನೇ ಕಿತ್ತ ಹಾಗೆ. ಹಸಿರು ಜಿಡ್ಡಿನ ಬಹುಪಾಲು ಪ್ಲಾಸ್ಟಿಕ್ಕಿನಿಂದ ಒಸರಿ ಅಂಟಿಕೊಂಡದ್ದು. ಅಸಿಟೋನ್‌ನಂಥ ಸಾಲ್ವೆಂಟ್, ಅಂದರೆ ಜಿಡ್ಡು ಅಂಟುಗಳನ್ನು ತನ್ನೊಳಗೆ ಕರಗಿಸಿಕೊಂಡು ಒಯ್ಯುವ ದ್ರವ, ಲೋಹದ ಮೇಲೆ ಕೂತದ್ದನ್ನು ಮಾತ್ರ ಒಯ್ಯುತ್ತದೆ. ಲೋಹವೇ ಬದಲಾಗಿ ಆದದ್ದನ್ನು ಮುಟ್ಟುವುದಿಲ್ಲ. ಇದು ಅದರ ಮಿತಿಯೂ ಹೌದು, ಅದನ್ನು ನಂಬಬಹುದಾದ ಕಾರಣವೂ ಹೌದು. ಕೆಳಗಿನ ಪ್ರತಿ ಹಂತದಲ್ಲೂ ಈ ಗೆರೆ ನೆನಪಿರಲಿ.

ಹುಳಿ, ನಿಂಬೆರಸ, ವಿನೆಗರ್, ಟೂತ್‌ಪೇಸ್ಟ್, ಅಡುಗೆ ಸೋಡ, ಪಾತ್ರೆ ಉಜ್ಜುವ ಪುಡಿ ಯಾವುದಕ್ಕೂ ಈ ವಿಧಾನದಲ್ಲಿ ಜಾಗವಿಲ್ಲ. ಅಚ್ಚು ಬಡಿದ ಹೊತ್ತಿನಲ್ಲಿ ಲೋಹ ಅಂಚಿನ ಕಡೆ ಹರಿದು ಬಹಳ ಸಣ್ಣ ಗೆರೆಗಳನ್ನು ಉಳಿಸಿರುತ್ತದೆ. ಹೊಸ ನಾಣ್ಯವನ್ನು ಬೆಳಕಿಗೆ ವಾಲಿಸಿದಾಗ ಗಾಲಿಯ ಅರೆಗಳಂತೆ ಬೆಳಕು ಸುತ್ತುವುದು ಈ ಗೆರೆಗಳಿಂದ. ಸಂಗ್ರಾಹಕರು ಲಸ್ಟರ್ ಅನ್ನುವುದು ಇದಕ್ಕೇ. ಆಮ್ಲ ಈ ಗೆರೆಗಳನ್ನು ತಿನ್ನುತ್ತದೆ, ಪುಡಿ ಕೆರೆಯುತ್ತದೆ. ಉಜ್ಜಿದ ನಾಣ್ಯ ಪಳಪಳ ಅನ್ನುತ್ತದೆ ನಿಜ, ಆದರೆ ಬೆಳಕು ಸುತ್ತುವುದಿಲ್ಲ. ನಾಣ್ಯದ ಸ್ಥಿತಿ ನೋಡಿ ದರ್ಜೆ ಕೊಡುವ ಗ್ರೇಡಿಂಗ್ ಸಂಸ್ಥೆಗಳು ಅದಕ್ಕೆ ಪೂರ್ತಿ ಗ್ರೇಡ್ ಕೊಡದೆ 'ತೊಳೆದದ್ದು' ಎಂದು ಷರಾ ಬರೆಯುವುದೂ ಇದನ್ನು ಕಂಡೇ.

ಏನು ಹೋಗುತ್ತದೆ, ಏನು ಹೋಗುವುದಿಲ್ಲ

ಅಸಿಟೋನ್‌ಗೆ ಹೋಗುವಂಥವು: ಪಿವಿಸಿ ಜಿಡ್ಡು (ಆಲ್ಬಮ್ಮಿನ ಮೆತ್ತನೆಯ ಪ್ಲಾಸ್ಟಿಕ್ಕಾದ ಪಿವಿಸಿಯಿಂದ ಒಸರಿದ್ದು), ಟೇಪಿನ ಅಂಟು, ಹಳೆಯ ಲ್ಯಾಕರ್ (ಹಿಂದಿನವರು ಹೊಳಪು ಉಳಿಸಲು ಬಳಿಯುತ್ತಿದ್ದ ಮೆರುಗೆಣ್ಣೆ), ಎಣ್ಣೆ, ಇತ್ತೀಚಿನ ಬೆರಳಚ್ಚು, ಜಿಡ್ಡಿನೊಳಗೆ ಸಿಕ್ಕಿಕೊಂಡ ಧೂಳು.

ಹೋಗದಂಥವು: ಬೆಳ್ಳಿಯ ಕಪ್ಪು ಅಥವಾ ಬಣ್ಣದ ಟೋನಿಂಗ್ (ಕಾಲಕ್ರಮೇಣ ಮೈ ಪಡೆದ ಬಣ್ಣ), ತಾಮ್ರದ ಕಂದು ಪಟಿನಾ (ವರ್ಷಗಳಲ್ಲಿ ಲೋಹದ ಮೇಲೆ ಕಟ್ಟಿದ ಪದರ), ಗಟ್ಟಿ ಕಿಲುಬು, ತುಕ್ಕು, ಹಳೆಯ ಬೆರಳಚ್ಚು. ಹಳೆಯ ಬೆರಳಚ್ಚಿನಲ್ಲಿ ಎಣ್ಣೆ ಒಣಗಿ ಹೋಗಿ, ಬೆವರಿನ ಉಪ್ಪು ಮತ್ತು ಆಮ್ಲ ಲೋಹವನ್ನೇ ಕೊರೆದಿರುತ್ತವೆ. ಅದು ನಾಣ್ಯದ ಮೈಯಲ್ಲಿ ಬಿದ್ದ ಗುರುತು, ಯಾವ ದ್ರವಕ್ಕೂ ಅಳಿಯದು.

ಲೋಹ ನೋಡಿ ಮುಂದುವರಿಯಿರಿ

ಶುದ್ಧ ಅಸಿಟೋನ್ ಸಾಮಾನ್ಯ ನಾಣ್ಯ ಲೋಹಗಳ ಜೊತೆ ರಾಸಾಯನಿಕವಾಗಿ ಸೆಣಸುವುದಿಲ್ಲ. ತೊಂದರೆ ಬರುವುದು ಅದರ ಜೊತೆ ಸೇರುವ ನೀರಿನಿಂದ, ನಮ್ಮ ಕೈಯ ಒತ್ತಡದಿಂದ, ತೊಳೆದ ಮೇಲಿನ ಅಜಾಗ್ರತೆಯಿಂದ. ಆ ಲೆಕ್ಕದಲ್ಲಿ ಲೋಹಗಳು ಬೇರೆಯಾಗುತ್ತವೆ.

ಚಿನ್ನ ಎಲ್ಲಕ್ಕಿಂತ ನಿರಾಳ. ಆದರೆ ಮೆತ್ತಗಿನ ಲೋಹ. ಒಮ್ಮೆ ಬಟ್ಟೆಯಲ್ಲಿ ಒರೆಸಿದರೂ ಕೂದಲೆಳೆಯ ಗೀರು ಬೀಳುತ್ತದೆ. 22 ಕ್ಯಾರೆಟ್ ನಾಣ್ಯದಲ್ಲಿ ಚಿನ್ನ ಶೇ. 91.67ರಷ್ಟು, ಉಳಿದದ್ದು ಹೆಚ್ಚಾಗಿ ತಾಮ್ರ. ಆ ತಾಮ್ರ ಅಲ್ಲಲ್ಲಿ ಕೆಂಪು ಚುಕ್ಕೆಯಾಗಿ ಕಾಣಿಸಿಕೊಂಡರೆ ಸಾಲ್ವೆಂಟ್ ಏನೂ ಮಾಡದು.

ಬೆಳ್ಳಿಗೂ ಅಸಿಟೋನ್ ಸುರಕ್ಷಿತ. ಒಂದು ಎಚ್ಚರಿಕೆ ಮಾತ್ರ: ಟೋನಿಂಗ್ ಮೇಲೆ ತೆಳುವಾದ ಎಣ್ಣೆ ಪದರ ಇದ್ದು ಅದು ಹೋದರೆ, ಬಣ್ಣ ಅಷ್ಟೇ ಇದ್ದರೂ ಮಂಕಾಗಿ ಕಾಣಬಹುದು. ಎಣ್ಣೆಯ ಮಿನುಗನ್ನೇ ನಾಣ್ಯದ ಮಿನುಗು ಎಂದುಕೊಂಡವರಿಗೆ ನಿರಾಸೆ ತಪ್ಪಿದ್ದಲ್ಲ.

ತಾಮ್ರ, ಕಂಚು, ಹಿತ್ತಾಳೆಯಲ್ಲಿ ಕೈ ಬಿಗಿ ಇರಲಿ. ಅಸಿಟೋನ್ ತಾಮ್ರವನ್ನು ತಿನ್ನುವುದಿಲ್ಲ, ಆದರೆ ಮೇಲಿದ್ದ ಎಣ್ಣೆಯನ್ನೆಲ್ಲ ಎತ್ತಿ ಲೋಹವನ್ನು ಬೆತ್ತಲೆ ಮಾಡುತ್ತದೆ. ಆಮೇಲೆ ಒಂದು ಬೆರಳು ತಾಗಿದರೂ ಗುರುತು ಉಳಿಯುತ್ತದೆ. ಟಂಕಸಾಲೆಯ ಕೆಂಪು ಇನ್ನೂ ಉಳಿದಿರುವ ತಾಮ್ರದ ನಾಣ್ಯವನ್ನು ಪಿವಿಸಿ ಇಲ್ಲದಿದ್ದರೆ ಮುಟ್ಟದಿರುವುದೇ ವಾಸಿ. ಪ್ರಾಚೀನ ಕಂಚಿನ ನಾಣ್ಯವಾದರೆ ಇನ್ನೊಂದು ವಿಷಯ: ಅಕ್ಷರಗಳ ಸಂದಿಯಲ್ಲಿ ಚೆಂದವಾಗಿ ಕೂತ ಮಣ್ಣಿನ ಬಣ್ಣದ ಪಟಿನಾ ಕೆಲವೊಮ್ಮೆ ಮಾರುವವರು ಅಂಟು ಬೆರೆಸಿ ಮೆತ್ತಿದ್ದಾಗಿರುತ್ತದೆ. ಅಸಿಟೋನ್‌ನಲ್ಲಿ ಅದು ಕರಗಿ ಬರುತ್ತದೆ, ಕೆಳಗೆ ಕೆತ್ತಿ ತಿದ್ದಿದ ಗೆರೆಗಳು ಕಾಣುತ್ತವೆ. ಸತ್ಯ ತಿಳಿಯುವುದು ಒಳ್ಳೆಯದೇ, ಆದರೆ ತಿಳಿದ ಮೇಲೆ ಹಿಂದಿರುಗಿಸಲಾಗದು.

ನಿಕ್ಕಲ್, ಕುಪ್ರೋನಿಕ್ಕಲ್ (ತಾಮ್ರ ನಿಕ್ಕಲ್‌ಗಳ ಮಿಶ್ರಲೋಹ) ಗಟ್ಟಿಮುಟ್ಟಾದವು, ವಿಶೇಷ ಎಚ್ಚರಿಕೆ ಬೇಡ. ಅಲ್ಯೂಮಿನಿಯಂ ಅಸಿಟೋನ್‌ಗೆ ಒಗ್ಗುತ್ತದೆ, ಆದರೆ ಸೋಡ, ಅಮೋನಿಯ ಮುಂತಾದ ಕ್ಷಾರಗಳು ಅದನ್ನು ಕೊರೆಯುತ್ತವೆ, ಮೈಯೂ ಬಲು ಮೆತ್ತಗೆ. ಸತು, ಸತು ಲೇಪಿಸಿದ ಉಕ್ಕು, ಕಬ್ಬಿಣ ಇವಕ್ಕೆ ನೀರಿನ ಹಂತವೇ ಬೇಡ, ನೇರ ಅಸಿಟೋನ್. ಆಯಸ್ಕಾಂತಕ್ಕೆ ಅಂಟಿಕೊಂಡರೆ ನಾಣ್ಯದಲ್ಲಿ ಉಕ್ಕು ಅಥವಾ ನಿಕ್ಕಲ್ ಇದೆ ಎಂದರ್ಥ. ಎರಡರಲ್ಲಿ ಯಾವುದು ಎಂದು ಕ್ಯಾಟಲಾಗ್ ನೋಡಿ ತಿಳಿಯುವವರೆಗೆ ಉಕ್ಕು ಎಂದೇ ಭಾವಿಸಿ ನೀರು ತಪ್ಪಿಸಿ.

ಎರಡು ಲೋಹದ ನಾಣ್ಯಗಳಲ್ಲಿ ಒಳಬಿಲ್ಲೆಗೂ ಹೊರಬಳೆಗೂ ನಡುವೆ ಸಂದು ಇರುತ್ತದೆ. ಕೊಳೆ ಕರಗಿದ ದ್ರವ ಅಲ್ಲಿ ಹೊಕ್ಕು ಆಮೇಲೆ ಹೊರಬಂದು ಉಂಗುರದಂಥ ಕಲೆ ಬಿಡುತ್ತದೆ. ಕೊನೆಯ ತೊಳೆತ ಎರಡು ಸಲ ಹೆಚ್ಚಿಗೆ ಮಾಡಿ.

ಬಣ್ಣ ಮುದ್ರಿಸಿದ ಸ್ಮರಣಾರ್ಥ ನಾಣ್ಯ, ಲ್ಯಾಕರ್ ಹಚ್ಚಿಯೇ ಹೊರಬಂದ ಪದಕ, ಎನಾಮಲ್ (ಮೀನಾಕಾರಿ) ಕೆಲಸವಿರುವುದು ಇವುಗಳನ್ನು ಅಸಿಟೋನ್ ಹತ್ತಿರ ತರಬೇಡಿ. ಬಣ್ಣ ನಿಮಿಷಗಳಲ್ಲಿ ಸುಕ್ಕುಗಟ್ಟಿ ಎದ್ದು ಬರಬಹುದು.

ಬೇಕಾಗುವ ಸಾಮಾನು

ಶುದ್ಧ ಅಸಿಟೋನ್. ಉಗುರುಬಣ್ಣ ಅಳಿಸುವ ದ್ರವವಲ್ಲ. ಅದರಲ್ಲಿ ನೀರು, ಎಣ್ಣೆ, ಪರಿಮಳ, ಬಣ್ಣ ಸೇರಿರುತ್ತವೆ, ಅವೆಲ್ಲ ನಾಣ್ಯದ ಮೇಲೆ ಉಳಿಯುತ್ತವೆ. ಪೇಂಟ್ ಥಿನ್ನರ್ ಹಲವು ದ್ರವಗಳ ಮಿಶ್ರಣ, ಪೆಟ್ರೋಲಿನಲ್ಲಿ ಸೇರಿಸಿದ ವಸ್ತುಗಳಿರುತ್ತವೆ, ಅವೂ ಬೇಡ. ಲೇಬಲ್ಲಿನಲ್ಲಿ ಶೇ. 99ಕ್ಕಿಂತ ಹೆಚ್ಚು ಎಂದಿದ್ದರೂ ಒಮ್ಮೆ ಪರೀಕ್ಷಿಸಿ: ಚೆನ್ನಾಗಿ ತೊಳೆದು ಒಣಗಿಸಿದ ಗಾಜಿನ ತುಂಡಿನ ಮೇಲೆ ಐದಾರು ಹನಿ ಬಿಟ್ಟು ಆರಲು ಬಿಡಿ. ಆಮೇಲೆ ಗಾಜನ್ನು ಕಪ್ಪು ಬಟ್ಟೆಯ ಮೇಲೆ ಹಿಡಿದು ಓರೆಯಾಗಿ ನೋಡಿ. ಹನಿಯ ಅಂಚಿನಲ್ಲಿ ಬಿಳಿಯ ಉಂಗುರವೋ ಜಿಡ್ಡಿನ ಮಬ್ಬೋ ಕಂಡರೆ ಅದೇ ಉಂಗುರ ನಾಣ್ಯದ ಮೇಲೂ ಬರುತ್ತದೆ. ಆ ಬಾಟಲಿಯನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಡಿಸ್ಟಿಲ್ಡ್ ವಾಟರ್, ಅಂದರೆ ಆವಿ ಮಾಡಿ ಇಳಿಸಿದ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಮತ್ತು ಖನಿಜಗಳಿರುತ್ತವೆ. ಕುಡಿಯುವ ಬಾಟಲಿ ನೀರೂ ಇದಲ್ಲ, ಅದರಲ್ಲೂ ಖನಿಜ ಇದ್ದೇ ಇರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದೀತು, ಆದರೆ ಬ್ಯಾಟರಿ ಆಸಿಡ್ ಅದೇ ಕಪಾಟಿನಲ್ಲಿ ಇರುವುದುಂಟು; ಲೇಬಲ್ ಎರಡು ಸಲ ಓದಿ.

ಅಗಲ ಬಾಯಿಯ ಸಣ್ಣ ಗಾಜಿನ ಬಟ್ಟಲು ಮೂರು, ಗಾಜಿನದೇ ಮುಚ್ಚಳ ಅಥವಾ ಮುಚ್ಚಲು ಗಾಜಿನ ತಟ್ಟೆ. ಪ್ಲಾಸ್ಟಿಕ್ ಬೇಕೇ ಬೇಕು ಎಂದರೆ ಪಾಲಿಪ್ರೊಪಿಲೀನ್ ಅಥವಾ ಗಟ್ಟಿ ಪಾಲಿಥೀನ್ ಮಾತ್ರ. ತೆಳ್ಳನೆಯ ಬಿಸಾಡುವ ಲೋಟ, ಥರ್ಮೊಕೋಲ್, ಅಕ್ರಿಲಿಕ್ ಡಬ್ಬಿ ಅಸಿಟೋನ್‌ನಲ್ಲಿ ಕರಗುತ್ತವೆ, ಕರಗಿದ ಪ್ಲಾಸ್ಟಿಕ್ ಹೋಗಿ ಕೂರುವುದು ನಿಮ್ಮ ನಾಣ್ಯದ ಮೇಲೇ.

ಉಳಿದವು: ತುದಿ ಚೂಪಿಲ್ಲದ ಮರದ ಅಥವಾ ಪಾಲಿಪ್ರೊಪಿಲೀನ್ ಚಿಮುಟ, ಮರದ ಇಲ್ಲವೆ ಕಾಗದದ ಕಡ್ಡಿಯ ಇಯರ್‌ಬಡ್, ಬಿದಿರಿನ ಹಲ್ಲುಕಡ್ಡಿ, 5ರಿಂದ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ನೂಲು ಬಿಡದ ಮೆತ್ತನೆಯ ಹತ್ತಿ ಬಟ್ಟೆ, ಕಣ್ಣಿಗೆ ಹನಿ ಸಿಡಿಯದಂತೆ ಸುರಕ್ಷಾ ಕನ್ನಡಕ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ತಕ್ಕಡಿ ಇದ್ದರೆ ಬಹಳ ಉಪಯೋಗ.

ಕೈಗವಸಿನ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಎಲ್ಲರೂ ಹಾಕಿಕೊಳ್ಳುವ ತೆಳ್ಳನೆಯ ನೈಟ್ರೈಲ್ ಗವಸು ಅಸಿಟೋನ್ ತಾಗಿದ ಕೆಲವೇ ನಿಮಿಷದಲ್ಲಿ ಉಬ್ಬಿ ಹರಿಯುತ್ತದೆ. ಅಸಿಟೋನ್ ತಡೆಯುವುದು ಬ್ಯುಟೈಲ್ ರಬ್ಬರಿನ ಗವಸು. ಬೆರಳನ್ನು ದ್ರವದೊಳಗೆ ಅದ್ದದೆ ಎಲ್ಲ ಕೆಲಸವನ್ನೂ ಚಿಮುಟದಲ್ಲೇ ಮಾಡಿದರೆ ನೈಟ್ರೈಲ್ ಸಾಕು, ಹನಿ ಬಿದ್ದ ಕೂಡಲೇ ಬದಲಿಸಬೇಕು.

ಬೆಂಕಿಯ ಮಾತು, ಕೆಲಸಕ್ಕೆ ಮೊದಲು

ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆದರೆ ಅದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳಲು ಕುದಿಯಬೇಕಾಗಿಲ್ಲ. ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ. ಮೇಲೇರಿ ಕಿಟಕಿಯಿಂದ ಹೋಗುವ ಬದಲು ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಒಲೆಯವರೆಗೂ ತಲುಪಬಲ್ಲದು. ಆದ್ದರಿಂದ ಅಡುಗೆಮನೆಯಲ್ಲಿ ಬೇಡ, ದೀಪ ಹಚ್ಚಿದ ಕಡೆ ಬೇಡ, ಗೀಸರ್ ಇರುವ ಬಚ್ಚಲಲ್ಲಿ ಬೇಡ. ಗಾಳಿಯಾಡುವ ಜಗಲಿಯೋ ಬಾಲ್ಕನಿಯೋ ಸರಿ. ಒಂದು ಸಲಕ್ಕೆ ಹೊರಗೆ ಸುರಿದಿರುವ ಅಸಿಟೋನ್ 100 ಮಿಲಿ ದಾಟದಿರಲಿ, ದೊಡ್ಡ ಬಾಟಲಿ ಮುಚ್ಚಿ ದೂರ ಇರಲಿ.

ಬಿಸಿ ಮಾಡಿದರೆ ಬೇಗ ಕರಗೀತು ಎಂಬ ಯೋಚನೆ ಬಂದರೆ ಅಲ್ಲೇ ಬಿಡಿ. ಅಲ್ಟ್ರಾಸಾನಿಕ್ ತೊಟ್ಟಿಗೂ (ಶಬ್ದದ ಕಂಪನದಿಂದ ತೊಳೆಯುವ ಯಂತ್ರ) ಹಾಕಬೇಡಿ. ಅಸಿಟೋನ್‌ಗೆ ಏನನ್ನೂ ಬೆರೆಸಬೇಡಿ. ಅದರಲ್ಲೂ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಸ್ಫೋಟಕ ಹುಟ್ಟುತ್ತದೆ, ಬ್ಲೀಚ್ ಜೊತೆ ಸೇರಿದರೆ ವಿಷ.

ಹಂತ 1: ನೋಡಿ, ಫೋಟೋ ತೆಗೆಯಿರಿ, ತೂಗಿ

ಒಂದೇ ದೀಪದ ಕೆಳಗೆ ನಾಣ್ಯವನ್ನು ವಾಲಿಸುತ್ತ ಎರಡೂ ಮುಖ ನೋಡಿ. ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳಿದ್ದರೆ ಯಾರೋ ಮೊದಲೇ ಉಜ್ಜಿದ್ದಾರೆ. ಜಿಡ್ಡು ಹೋದ ಮೇಲೆ ಆ ಗೀರು ಇನ್ನೂ ಎದ್ದು ಕಾಣುತ್ತವೆ. ಫೋಟೋ ಇಲ್ಲದಿದ್ದರೆ ಅವು ನಿಮ್ಮ ಕೈಯಿಂದ ಆದವೋ ಅಲ್ಲವೋ ನಿಮಗೇ ಗೊತ್ತಾಗುವುದಿಲ್ಲ. ತೂಕ ಬರೆದಿಡಿ. ಕೆಲಸ ಮುಗಿದ ಮೇಲೆ ಒಂದೆರಡು ನೂರನೇ ಭಾಗ ಇಳಿದಿದ್ದರೆ ಅದು ಕೊಳೆ.

ಮೊದಲ ಸಲ ಮಾಡುವವರು ಚಲಾವಣೆಯ ಸಾಧಾರಣ ನಾಣ್ಯದ ಮೇಲೆ ಪೂರ್ತಿ ವಿಧಾನ ಮಾಡಿ ನೋಡಿ. ಕೈಯಿಂದ ಜಾರುವುದು, ಕಲೆ ಬೀಳುವುದು ಎಲ್ಲ ಅದರ ಮೇಲೇ ಆಗಿಹೋಗಲಿ.

ಹಂತ 2: ಹಸಿರು ಯಾವ ಹಸಿರು?

ಇಲ್ಲಿ ಅವಸರ ಮಾಡಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ಹಸಿರಿನಲ್ಲಿ ಮೂರು ಬಗೆ.

ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಮುಟ್ಟಿದಾಗ ಜಾರುವಂತಿದ್ದು, ಕಡ್ಡಿಗೆ ಅಂಟಿ ಎಳೆ ಬಂದಂತಾದರೆ ಅದು ಪಿವಿಸಿ ಜಿಡ್ಡು. ಮೆತ್ತನೆಯ ಪಿವಿಸಿ ಹಾಳೆಯಲ್ಲಿ ಅದನ್ನು ಬಗ್ಗುವಂತೆ ಮಾಡಲು ಬೆರೆಸಿದ ಎಣ್ಣೆಯಂಥ ವಸ್ತು ಕಾಲಕ್ರಮೇಣ ಒಸರುತ್ತದೆ. ಪಿವಿಸಿ ಹಳಸಿದಂತೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಆ ಆಮ್ಲ ನಾಣ್ಯದಲ್ಲಿರುವ ತಾಮ್ರದ ಜೊತೆ ಸೇರಿ ಹಸಿರಾಗುತ್ತದೆ. ಬೆಳ್ಳಿ ನಾಣ್ಯವೂ ಹಸಿರಾಗುವುದು ಅದರಲ್ಲಿ ತಾಮ್ರ ಬೆರೆತಿರುವುದರಿಂದಲೇ. ಶುರುವಿನಲ್ಲಿ ಇದು ಹಸಿರಾಗಿಯೂ ಕಾಣುವುದಿಲ್ಲ, ಹಾಲಿನ ಮಬ್ಬಿನಂತೆ ಇರುತ್ತದೆ. ಅಸಿಟೋನ್ ಬೇಕಾದದ್ದು ಇದಕ್ಕೆ.

ಕಡ್ಡಿಗೆ ಜಗ್ಗದೆ ಗಟ್ಟಿಯಾಗಿ, ನುಣುಪಾಗಿ ಹರಡಿಕೊಂಡಿದ್ದರೆ ಅದು ಹಳೆಯ ಕಿಲುಬು ಅಥವಾ ಪಟಿನಾ. ಬಿಟ್ಟುಬಿಡಿ.

ತಿಳಿ ಹಸಿರು ಪುಡಿಯಾಗಿ, ಒಣಗಿದ್ದು, ಕೆದಕಿದರೆ ಉದುರಿ ಕೆಳಗೆ ಗುಳಿ ಕಂಡರೆ ಅದು ಕಂಚಿನ ರೋಗ. ತಾಮ್ರದೊಳಗೆ ಹೊಕ್ಕ ಕ್ಲೋರೈಡ್ ತೇವ ಮತ್ತು ಗಾಳಿ ಸಿಕ್ಕಾಗಲೆಲ್ಲ ಲೋಹವನ್ನು ಒಳಗಿನಿಂದ ತಿನ್ನುತ್ತ ಹೋಗುವ ಕ್ರಿಯೆ. ಅಸಿಟೋನ್ ಇದಕ್ಕೆ ಮದ್ದಲ್ಲ. ಆ ನಾಣ್ಯವನ್ನು ಬೇರೆ ಮಾಡಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ತೇವಾಂಶ ಶೇ. 40ರ ಕೆಳಗಿರಲಿ. ಮುಂದಿನ ಚಿಕಿತ್ಸೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ರಾಸಾಯನಿಕ ದ್ರಾವಣದಲ್ಲಿ ನೆನೆಸುವ ಕೆಲಸ, ಪಟಿನಾದ ಬಣ್ಣವೂ ಬದಲಾದೀತು. ಬೆಲೆಬಾಳುವ ನಾಣ್ಯವಾದರೆ ಲೋಹ ಸಂರಕ್ಷಣೆ ಬಲ್ಲವರ ಕೈಗೆ ಕೊಡಿ.

ಹಂತ 3: ನೀರಿನ ಸ್ನಾನ (ಬೇಕಾದರೆ ಮಾತ್ರ)

ಮಣ್ಣು, ಉಪ್ಪು, ಬೆವರು, ಸಕ್ಕರೆಯಂಥವು ಅಸಿಟೋನ್‌ಗಿಂತ ನೀರಿಗೆ ಬೇಗ ಕರಗುತ್ತವೆ. ಅಂಥ ಕೊಳೆ ಇದ್ದರೆ ಕೋಣೆಯ ಬಿಸುಪಿನ ಡಿಸ್ಟಿಲ್ಡ್ ವಾಟರ್‌ನಲ್ಲಿ 15 ನಿಮಿಷ ಬಿಡಿ, ನೀರು ಬದಲಿಸಿ ಇನ್ನೊಮ್ಮೆ. ತಾಮ್ರವಾದರೆ 5 ನಿಮಿಷ ಸಾಕು. ಸತು, ಉಕ್ಕಿಗೆ ಈ ಹಂತ ಇಲ್ಲ. ಬರೀ ಜಿಡ್ಡು, ಅಂಟು ಇದ್ದರೂ ಇಲ್ಲ.

ನೀರಿನಿಂದ ತೆಗೆದ ನಾಣ್ಯವನ್ನು ಒರೆಸಬೇಡಿ. ಅಂಚನ್ನು ಹತ್ತಿ ಬಟ್ಟೆಗೆ ತಾಗಿಸಿ ನೀರು ಇಳಿಸಿ ನೇರ ಅಸಿಟೋನ್‌ಗೆ ಹಾಕಿ. ಅಸಿಟೋನ್ ನೀರಿನೊಂದಿಗೆ ಪೂರ್ತಿ ಬೆರೆಯುವುದರಿಂದ ಸಂದಿಯ ತೇವವನ್ನೂ ಎಳೆದುಕೊಳ್ಳುತ್ತದೆ.

ಹಂತ 4: ಮೂರು ಬಟ್ಟಲ ಅಸಿಟೋನ್

ಮೂರೂ ಬಟ್ಟಲಿಗೆ ತಲಾ 30 ಮಿಲಿಯಷ್ಟು ಸುರಿಯಿರಿ. ನಾಣ್ಯ ಪೂರ್ತಿ ಮುಳುಗಿ ಮೇಲೆ ಸ್ವಲ್ಪ ಉಳಿದರೆ ಆಯಿತು. ಒಂದು ಬಟ್ಟಲಿಗೆ ಒಂದೇ ನಾಣ್ಯ. ಹತ್ತು ನಾಣ್ಯ ಒಟ್ಟಿಗೆ ಹಾಕಿ ಅಲುಗಾಡಿಸಿದರೆ ಅವು ಒಂದನ್ನೊಂದು ಕೆರೆಯುತ್ತವೆ.

ಮೊದಲ ಬಟ್ಟಲಿನಲ್ಲಿ ನಾಣ್ಯವನ್ನು ಚಿಮುಟದಿಂದ ಓರೆಯಾಗಿ ಇಳಿಸಿ, ಬೀಳಿಸಬೇಡಿ. ಮುಚ್ಚಿ. ಎಣ್ಣೆ, ಹೊಸ ಬೆರಳಚ್ಚಿಗೆ 10 ನಿಮಿಷ. ಪಿವಿಸಿಗೆ 30 ನಿಮಿಷ. ಅರ್ಧ ಹೊತ್ತಿಗೆ ಮಗುಚಿ ಹಾಕಿ, ಏಕೆಂದರೆ ತಳಕ್ಕೆ ಒತ್ತಿಕೊಂಡ ಮುಖಕ್ಕೆ ಹೊಸ ದ್ರವ ತಲುಪುವುದಿಲ್ಲ. ಗಟ್ಟಿ ಜಿಡ್ಡಿದ್ದರೆ ಬೆಳಕಿಗೆ ಹಿಡಿದಾಗ ದ್ರವದಲ್ಲಿ ಸಕ್ಕರೆ ಪಾಕದಂಥ ತೆಳು ಎಳೆಗಳು ನಾಣ್ಯದಿಂದ ಇಳಿಯುವುದು ಕಾಣುತ್ತದೆ.

ಎರಡನೇ ಬಟ್ಟಲಿನಲ್ಲಿ 10 ನಿಮಿಷ, ಮೂರನೆಯದರಲ್ಲಿ 5. ಮೂರು ಬಟ್ಟಲು ಯಾಕೆ? ಮೊದಲ ಬಟ್ಟಲಿನ ದ್ರವ ಆರಿದಾಗ ಅದರಲ್ಲಿ ಕರಗಿದ ಜಿಡ್ಡು ಆರುವುದಿಲ್ಲ, ತೆಳುವಾಗಿ ನಾಣ್ಯದ ಮೈತುಂಬ ಹರಡಿಕೊಳ್ಳುತ್ತದೆ. 'ಅಸಿಟೋನ್ ಹಾಕಿದ ಮೇಲೆ ನಾಣ್ಯಕ್ಕೆ ಮಬ್ಬು ಬಂತು' ಎನ್ನುವ ದೂರುಗಳ ಮೂಲ ಬಹುತೇಕ ಇದೇ: ಒಂದೇ ಬಟ್ಟಲು, ಒಂದೇ ತೊಳೆತ.

ಟೇಪಿನ ಅಂಟು, ದಪ್ಪ ಲ್ಯಾಕರ್, ವರ್ಷಗಟ್ಟಲೆಯ ಪಿವಿಸಿ ಆದರೆ ಮೊದಲ ಸ್ನಾನ ರಾತ್ರಿಯಿಡೀ ಇರಲಿ. ಆಗ ಬಟ್ಟಲು ಸಾಲದು, ಬಿಗಿಯಾಗಿ ಮುಚ್ಚುವ ಗಾಜಿನ ಜಾಡಿ ಬೇಕು. ಮುಚ್ಚಳದ ಒಳಗಿನ ರಬ್ಬರ್ ಬಿಲ್ಲೆ ತೆಗೆದುಬಿಡಿ.

ಹಂತ 5: ಉರುಳಿಸುವುದು, ಉಜ್ಜುವುದಲ್ಲ

ನೆನೆದ ಮೇಲೂ ಜಿಡ್ಡು ಉಳಿದಿದ್ದರೆ ಮಾತ್ರ ಈ ಹಂತ. ಪ್ರೂಫ್ ನಾಣ್ಯಕ್ಕೆ (ಕನ್ನಡಿಯಂಥ ಹಿನ್ನೆಲೆಯ ವಿಶೇಷ ಅಚ್ಚಿನದು) ಯಾವ ಕಾರಣಕ್ಕೂ ಬೇಡ. ಹತ್ತಿಯ ಒಂದು ಎಳೆ ಸಾಕು ಕನ್ನಡಿ ಗೀರಾಗಲು.

ಇಯರ್‌ಬಡ್ಡನ್ನು ಹೊಸ ಅಸಿಟೋನ್‌ನಲ್ಲಿ ತೊಯ್ಯುವಷ್ಟು ಅದ್ದಿ. ನಾಣ್ಯ ಬಟ್ಟಲಿನೊಳಗೆ ಮುಳುಗಿಯೇ ಇರಲಿ. ಕಡ್ಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಹತ್ತಿ ತಿರುಗುತ್ತ ನಡುವಿನಿಂದ ಅಂಚಿಗೆ ಸಾಗುವಂತೆ ಒಂದೇ ಸಲ ಉರುಳಿಸಿ. ಭಾರ ಕಡ್ಡಿಯದ್ದಷ್ಟೇ ಇರಲಿ, ಬೆರಳಿನದ್ದು ಬೇಡ. ಎತ್ತಿ, ಹತ್ತಿಯನ್ನು ನೋಡಿ, ಬಿಸಾಡಿ, ಹೊಸದು ತೆಗೆದುಕೊಳ್ಳಿ. ಹಸಿರಾದ ಹತ್ತಿಯನ್ನೇ ಹಿಂದಕ್ಕೆ ಮುಂದಕ್ಕೆ ಆಡಿಸಿದರೆ ಅದರಲ್ಲಿ ಸಿಕ್ಕ ಮರಳಿನ ಕಣ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಅಕ್ಷರಗಳ ಬುಡಕ್ಕೆ ಬಿದಿರಿನ ಕಡ್ಡಿ. ಅದರ ತುದಿಯನ್ನು ಮೊದಲೇ ನೆನೆಸಿ, ಕುಟ್ಟಿ ಕುಂಚದಂತೆ ನಾರು ಬಿಡಿಸಿ, ಒಣಗಿಸಿಟ್ಟುಕೊಳ್ಳಿ. ಭೂತಗನ್ನಡಿಯಲ್ಲಿ ನೋಡುತ್ತ ಅಕ್ಷರದ ಗೋಡೆಗುಂಟ ಮಾತ್ರ ತಳ್ಳಿ, ಬಯಲಿಗೆ ಬರಬೇಡಿ. ಸೂಜಿ, ಪಿನ್ನು, ಲೋಹದ ಚಿಮುಟದ ತುದಿ ಎಂದಿಗೂ ಇಲ್ಲ.

ಈ ಹಂತದ ಬಳಿಕ ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಮೂರನೇ ಸ್ನಾನ.

ಹಂತ 6: ಇನ್ನೂ ಹೋಗದಿದ್ದರೆ ಕ್ಸೈಲೀನ್

ಮೇಣ, ಗ್ರೀಸ್, ಡಾಂಬರಿನಂಥ ಕೊಳೆಗೆ ಅಸಿಟೋನ್ ಸೋಲುತ್ತದೆ. ಕ್ಸೈಲೀನ್ ಎಂಬ ಇನ್ನೊಂದು ಸಾಲ್ವೆಂಟ್ ಅವನ್ನು ಕರಗಿಸುತ್ತದೆ, ಲೋಹಕ್ಕೆ ತೊಂದರೆಯಿಲ್ಲ, ನಿಮಗೆ ಇದೆ. ಇದರ ಆವಿ ತಲೆಸುತ್ತು ತರುತ್ತದೆ, ನರಮಂಡಲಕ್ಕೆ ಕೆಟ್ಟದ್ದು. ಪೂರ್ತಿ ಹೊರಾಂಗಣದಲ್ಲಿ, ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಮುಖಗವಸು ಹಾಕಿ ಮಾಡಬೇಕು. ಬಟ್ಟೆಯ ಅಥವಾ ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದೇ ಇಲ್ಲ. ಗರ್ಭಿಣಿಯರು, ಮಕ್ಕಳು ಹತ್ತಿರ ಇರಬಾರದು. ಮುಚ್ಚಿದ ಗಾಜಿನ ಜಾಡಿಯಲ್ಲಿ 30 ನಿಮಿಷ. ಕ್ಸೈಲೀನ್ ನಿಧಾನ ಆರುವಂಥದ್ದು (138 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ), ಆದ್ದರಿಂದ ಆಮೇಲೆ ಎರಡು ಬಟ್ಟಲು ಹೊಸ ಅಸಿಟೋನ್‌ನಲ್ಲಿ ತೊಳೆಯಲೇಬೇಕು. ನೂರಕ್ಕೆ ತೊಂಬತ್ತು ನಾಣ್ಯಗಳಿಗೆ ಈ ಹಂತದ ಅಗತ್ಯ ಬೀಳದು ಎಂಬುದು ನಮ್ಮ ಅಂದಾಜು, ಕುತೂಹಲಕ್ಕಾಗಿ ಮಾಡಬೇಡಿ.

ಹಂತ 7: ಆರಿಸುವುದು

ಅಸಿಟೋನ್ ಆರುವಾಗ ನಾಣ್ಯದ ಬಿಸಿಯನ್ನು ಎಳೆದುಕೊಳ್ಳುತ್ತದೆ. ತೇವದ ದಿನಗಳಲ್ಲಿ ತಣ್ಣಗಾದ ಆ ಲೋಹದ ಮೇಲೆ ಗಾಳಿಯ ನೀರು ಮಂಜಿನಂತೆ ಕೂರುತ್ತದೆ. ಅದೇ ಮುಂದೆ ಚುಕ್ಕೆ ಚುಕ್ಕೆ ಕಲೆಯಾಗುವುದು, ತಾಮ್ರದ ಮೇಲಂತೂ ಖಂಡಿತ. ಮಳೆ ಸುರಿಯುವ ದಿನ ಈ ಕೆಲಸಕ್ಕೆ ಕೈ ಹಾಕದಿರುವುದು ಸುಲಭದ ದಾರಿ.

ನಾಣ್ಯವನ್ನು ಚಿಮುಟದಲ್ಲಿ ನೆಟ್ಟಗೆ ಹಿಡಿದು, ಗಾಜಿನ ಪಿಪೆಟ್ಟಿನಿಂದ (ಹನಿ ಬಿಡುವ ನಳಿಕೆ) ಹೊಸ ಅಸಿಟೋನ್ ಮೇಲಿನಿಂದ ಹರಿಯಬಿಡಿ. ಕೆಳಗಿನ ಅಂಚನ್ನು ಮಡಿಸಿದ ಬಟ್ಟೆಗೆ ತಾಗಿಸಿದರೆ ಕೊನೆಯ ಹನಿ ಅಲ್ಲೇ ಇಳಿದುಹೋಗುತ್ತದೆ. ಒರೆಸಬೇಡಿ, ಊದಬೇಡಿ, ಬಾಯಿಂದ ಊದಿದರೆ ಉಗುಳಿನ ಕಣ ಹಾರುತ್ತದೆ. ಮೈ ಮಂಜಾದದ್ದು ಕಂಡರೆ ಗಾಬರಿ ಬೇಡ, ಕೂಡಲೇ ಮತ್ತೆ ಅಸಿಟೋನ್‌ಗೆ ಅದ್ದಿ. ಆಗಲೂ ಮಂಜು ಬಂದರೆ ಕೊನೆಯ ತೊಳೆತವನ್ನು ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮಾಡಿ. ಅದು ನಿಧಾನ ಆರುವುದರಿಂದ ಲೋಹ ಅಷ್ಟು ತಣ್ಣಗಾಗುವುದಿಲ್ಲ. ಗಾಯಕ್ಕೆ ಹಚ್ಚುವ ಶೇ. 70ರದ್ದು ಬೇಡ, ಉಳಿದ ಭಾಗ ನೀರೇ.

ಹಂತ 8: ಒಂದು ದಿನ ಕಾಯಿರಿ

ಬಟ್ಟೆಯ ಮೇಲಿಟ್ಟು, ಗಾಜಿನ ಬಟ್ಟಲು ಕವುಚಿ 24 ಗಂಟೆ ಬಿಡಿ. ಆಮೇಲೆ ಭೂತಗನ್ನಡಿ ಹಿಡಿದು ಅಕ್ಷರಗಳ ಬುಡ ಮತ್ತು ಅಂಚಿನ ಒಳಸುತ್ತು ನೋಡಿ. ಪಿವಿಸಿ ಉಳಿಯುವುದಾದರೆ ಅಲ್ಲೇ. ಮಬ್ಬು ಮರಳಿದ್ದರೆ ಹಂತ 4ರಿಂದ ಮತ್ತೆ. ಎರಡನೇ ಸುತ್ತಿನ ಮೇಲೂ ಉಳಿದದ್ದು ಸಾಲ್ವೆಂಟ್‌ಗೆ ಸಂಬಂಧಿಸಿದ್ದಲ್ಲ.

ಜಿಡ್ಡು ಹೋದ ಜಾಗ ಸುತ್ತಲಿನದಕ್ಕಿಂತ ಮಂಕಾಗಿ, ತರಿತರಿಯಾಗಿ ಕಾಣಬಹುದು. ಅದು ಆಮ್ಲ ಆಗಲೇ ತಿಂದ ಭಾಗ. ತೊಳೆತ ತಿನ್ನುವುದನ್ನು ನಿಲ್ಲಿಸಿತಷ್ಟೇ, ತಿಂದದ್ದನ್ನು ತುಂಬುವುದಿಲ್ಲ. ಈ ಹೊತ್ತಿನಲ್ಲೇ ಜನ ಬೆಳ್ಳಿಗೆ ಹೊಳಪು ಕೊಡುವ 'ಡಿಪ್' ದ್ರಾವಣಕ್ಕೆ ಕೈ ಹಾಕುವುದು. ಅದರಲ್ಲಿ ಸಾಮಾನ್ಯವಾಗಿ ಥಯೋಯೂರಿಯ ಮತ್ತು ಆಮ್ಲ ಇರುತ್ತವೆ, ಅದು ಮೇಲ್ಮೈಯನ್ನೇ ಕರಗಿಸುತ್ತದೆ. ಅಲ್ಯೂಮಿನಿಯಂ ಹಾಳೆ ಮತ್ತು ಸೋಡದ ಉಪಾಯವೂ ಕಪ್ಪನ್ನು ಮತ್ತೆ ಬೆಳ್ಳಿಯಾಗಿಸುತ್ತದೆ, ಆದರೆ ಹಾಗೆ ಮರಳಿದ ಬೆಳ್ಳಿ ಸುಣ್ಣ ಬಳಿದಂತೆ ಮಂಕು. ಎರಡೂ ಬೇಡ.

ಹಂತ 9: ಉಳಿದ ದ್ರವ

ಬಳಸಿದ ಅಸಿಟೋನ್, ಕ್ಸೈಲೀನ್ ಚರಂಡಿಗೆ, ಸಿಂಕಿಗೆ ಸುರಿಯಬೇಡಿ; ಪಿವಿಸಿ ಕೊಳವೆ ಮೆತ್ತಗಾಗುತ್ತದೆ, ಆವಿ ಕೊಳವೆಯೊಳಗೆ ತುಂಬಿಕೊಳ್ಳುತ್ತದೆ. ಲೇಬಲ್ ಅಂಟಿಸಿದ ಗಾಜಿನ ಬಾಟಲಿಯಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ಪಡೆಯುವಲ್ಲಿಗೆ ಕೊಡಿ. ತೊಯ್ದ ಹತ್ತಿ, ಬಟ್ಟೆಗಳನ್ನು ಹೊರಗೆ ಹರಡಿ ಪೂರ್ತಿ ಆರಿದ ಮೇಲೆ ಕಸದ ಬುಟ್ಟಿಗೆ ಹಾಕಿ.

ಹಂತ 10: ಹಳೆಯ ಕವರಿಗೆ ಮರಳಿ ಹಾಕಬೇಡಿ

ಅಷ್ಟೆಲ್ಲ ಮಾಡಿ ನಾಣ್ಯವನ್ನು ಅದೇ ಆಲ್ಬಮ್ಮಿಗೆ ತೂರಿಸುವವರು ಕಡಿಮೆಯಿಲ್ಲ. ಕೆಲವು ತಿಂಗಳಿಗೆ ಹಸಿರು ಮತ್ತೆ ಹಾಜರ್. ಮೈಲಾರ್ ಎನ್ನುವ ಪಾಲಿಯೆಸ್ಟರ್ ಹಾಳೆಯ ಫ್ಲಿಪ್ (ಎರಡು ಜೇಬಿನ ಮಡಿಸುವ ಕವರು) ಸುರಕ್ಷಿತ. ಅದು ಗರಿಗರಿಯಾಗಿರುತ್ತದೆ, ಮಡಿಸಿದರೆ ಸದ್ದು ಮಾಡುತ್ತದೆ. ಪಿವಿಸಿ ಹಾಳೆ ಮೆತ್ತಗೆ, ಬಗ್ಗಿಸಿದತ್ತ ಬಗ್ಗುತ್ತದೆ, ಹೊಸ ರೇನ್‌ಕೋಟಿನ ವಾಸನೆ ಬರುತ್ತದೆ. ಬೆಳ್ಳಿಯ ಪಕ್ಕ ರಬ್ಬರ್ ಬ್ಯಾಂಡ್, ರಟ್ಟು, ಉಣ್ಣೆ ಬಟ್ಟೆ ಇಡಬೇಡಿ, ಅವುಗಳಲ್ಲಿ ಗಂಧಕ ಇರುತ್ತದೆ.

ಕವರು ಯಾವುದೆಂದು ಅನುಮಾನವಿದ್ದರೆ ಬೇಲ್‌ಸ್ಟೈನ್ ಪರೀಕ್ಷೆ ಮಾಡಿ. ಅಸಿಟೋನ್ ಬಾಟಲಿಗಳೆಲ್ಲ ಮುಚ್ಚಿ ಒಳಗೆ ಹೋದ ಮೇಲೆ, ಬೇರೆ ದಿನ, ಹೊರಗೆ. ಮರದ ಹಿಡಿಗೆ ಸಿಕ್ಕಿಸಿದ ತಾಮ್ರದ ತಂತಿಯನ್ನು ಗ್ಯಾಸಿನ ನೀಲಿ ಜ್ವಾಲೆಯಲ್ಲಿ, ಜ್ವಾಲೆಗೆ ಬೇರೆ ಬಣ್ಣ ಬಾರದಂತಾಗುವವರೆಗೆ ಕಾಯಿಸಿ. ಕೆಂಪಗಾದ ತುದಿಯನ್ನು ಕವರಿನ ಖಾಲಿ ಮೂಲೆಗೆ ತಾಗಿಸಿ, ಸ್ವಲ್ಪ ಪ್ಲಾಸ್ಟಿಕ್ ಅಂಟಿದ ತಂತಿಯನ್ನು ಮತ್ತೆ ಜ್ವಾಲೆಗೆ ಹಿಡಿಯಿರಿ. ಹೊಗೆ ಮೂಗಿಗೆ ಬರದಂತೆ ಗಾಳಿಯ ಬೆನ್ನಿಗೆ ನಿಲ್ಲಿ. ಜ್ವಾಲೆ ಎದ್ದು ಕಾಣುವಂತೆ ಹಸಿರಾದರೆ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆ, ಕವರು ಪಿವಿಸಿಯೇ ಇರಬೇಕು. ಆಗ ಆ ಆಲ್ಬಮ್ಮಿನ ಉಳಿದ ನಾಣ್ಯಗಳನ್ನೂ, ಇನ್ನೂ ಹಸಿರಾಗದೆ ಬರೀ ಮಬ್ಬಾಗಿರುವವನ್ನೂ ಬಿಡದೆ, ಒಂದೊಂದಾಗಿ ತೆಗೆದು ಹಂತ 1ರಿಂದ ಶುರು ಮಾಡಿ.